ಪುಟಗುರುತಿಗೂ ಹೊಟ್ಟೆಯುಂಟು

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಸಭ್ಯ ಗೃಹಸ್ಥರು: ಇಸ್ತ್ರಿ ಮಾಡಿದ ಅಂಗಿ, ಚಿನ್ನದ ಬಣ್ಣದ ಕನ್ನಡಕ, ಕೈಯಲ್ಲಿ ಅಂಟಿನ ವಾಸನೆ ಇನ್ನೂ ಆರದ ಹೊಸ ಪುಸ್ತಕ. ಇಂಥವರು ಈಗ ಅಪರೂಪ, ಇವರ ಫೋಟೊ ತೆಗೆದಿಟ್ಟುಕೊಳ್ಳಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಾಡಿ ಬಂತು. ಅವರು ಏಳುವ ಮೊದಲು ಎರಡು ಬೆರಳಿನಿಂದ ಪುಟದ ಮೂಲೆ ಹಿಡಿದರು, ಮಡಚಿದರು, ಮಡಚಿದ್ದು ಸಾಲದೆಂದು ಮೇಲೆ ಉಗುರಿನಿಂದ ಒಮ್ಮೆ ಗೀರಿ ಭದ್ರಪಡಿಸಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಗಾಡಿ ಹತ್ತಿ ಹೋದರು.

ನಮ್ಮ ದಂಡಸಂಹಿತೆಯನ್ನು ಈಚೆಗೆ ಹೊಸದಾಗಿ ಬರೆದಿದ್ದಾರೆ. ಸಣ್ಣಪುಟ್ಟ ಕಳವಿಗೂ ಅದರಲ್ಲಿ ಕಲಮು ಇದೆ. ಪುಟದ ಕಿವಿ ಹಿಂಡಿದವನಿಗೆ ಮಾತ್ರ ಒಂದು ಸಾಲೂ ಇಲ್ಲ. ಈ ಗಣರಾಜ್ಯದ ಮೇಲೆ ನನಗಿರುವ ತಕರಾರುಗಳಲ್ಲಿ ಇದು ಮೊದಲನೆಯದು. ಸಿಟ್ಟಿನಲ್ಲಿ ಕೂತೇ ಇದ್ದೆ. ಹೊರಟುಹೋದದ್ದು ನನ್ನ ಗಾಡಿಯೂ ಆಗಿತ್ತೆಂದು ಆಮೇಲೆ ತಿಳಿಯಿತು. ಹೀಗೆ ಬಿಡುವು ಸಿಕ್ಕಿತು. ಸೇಡಂನಲ್ಲಿ ಕಳೆದ ಒಂದು ಮಳೆಗಾಲ ನೆನಪಾಯಿತು. ಅದನ್ನು ನೆನೆದರೆ ಸಿಟ್ಟು ಇಳಿಯಬಹುದೆಂದುಕೊಂಡೆ. ಇಳಿಯಲಿಲ್ಲ, ಏರಿತು.

ನಾನು ಶಹಾಬಾದಿನಲ್ಲಿ ಎರಡು ತಲೆಮಾರಿಗೆ ಕನ್ನಡ ಕಲಿಸಿ, ಅದರಿಂದ ಅವರ ಮುಂದಿನ ಜೀವನಕ್ಕೆ ಯಾವ ಅಡ್ಡಿಯೂ ಆಗದಂತೆ ನೋಡಿಕೊಂಡು, ನಿವೃತ್ತನಾದವನು. ಕೆಲವು ವರ್ಷಗಳ ಹಿಂದೆ ಸೇಡಂನಲ್ಲಿ ಒಂದಿಷ್ಟು ಗಣ್ಯರು ಸೇರಿ ಖಾಸಗಿಯಾಗಿ ಒಂದು ವಾಚನಾಲಯ ನಡೆಸುತ್ತಿದ್ದರು. ನೋಡಿಕೊಳ್ಳುವವರು ಬಿಟ್ಟುಹೋಗಿದ್ದರಂತೆ. "ಒಂದು ಮಳಿಗಾಲದ ಮಟ್ಟಿಗೆ ಬಂದು ಕುಂದ್ರಿ ಸರ್" ಎಂದರು. ಹೋಗಿ ಕುಳಿತೆ. ಉದ್ದನೆಯ ಹಾಲು, ಕಾಲಿಟ್ಟರೆ ತಣ್ಣಗೆ ಕೊರೆದು ನಡುಕ ಹುಟ್ಟಿಸುವ ಶಹಾಬಾದ್ ಕಲ್ಲಿನ ನೆಲ, ಮಳೆಗೆ ಉಬ್ಬಿ ಮುಚ್ಚಲಾಗದ ಕಿಟಕಿ. ಬೇಸಿಗೆಯಿಡೀ ಮನೆಮನೆಯ ಮೇಲೆ ಕೂತ ಸಿಮೆಂಟು ಕಾರ್ಖಾನೆಯ ಧೂಳು ಮೊದಲ ಮಳೆಗೆ ಕರಗಿ ಇಳಿದು, ಊರೆಲ್ಲ ಗಿಲಾವು ಮಾಡಿಸಿಕೊಂಡಂತೆ ಕಾಣುತ್ತಿತ್ತು. ಹಿಂದಿನ ಓಣಿಯ ದಾಲ್ ಮಿಲ್ಲಿನಿಂದ ತೊಗರಿ ಹೊಟ್ಟಿನ ವಾಸನೆ ಸದಾ ಬರುತ್ತಿತ್ತು.

ಓದುಗರಲ್ಲಿ ಎರಡು ಜಾತಿ. ಒಂದು, ಪತ್ರಿಕೆ ಓದುವ ಹಿರಿಯರು. ಇನ್ನೊಂದು, ಪೊಲೀಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಕೂತ ಹುಡುಗರು. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೆಲ್ಮೆಟ್ಟು, ಚಾರ್ಜರು ಇಟ್ಟು ಮೇಜು ಹಿಡಿಯುವವರು. ಅವರ ಮೇಲೆ ನನಗೆ ದ್ವೇಷವಿಲ್ಲ. ಒಬ್ಬನ ಮೊಬೈಲನ್ನು ಇನ್ನೊಬ್ಬ ನೋಡುತ್ತ ದಿನವಿಡೀ ಕೂರುವುದೂ ಒಂದು ತಪಸ್ಸೇ. ಮೂರನೆಯ ಜಾತಿ ನಾನು ಬಂದಮೇಲೆ ಹುಟ್ಟಿತು. ಒಂದು ಮಧ್ಯಾಹ್ನ ಹೊರಗೆ ಜಿನುಗುಮಳೆ. ಬಾಗಿಲಲ್ಲಿ ಒಬ್ಬ ಹೆಂಗಸು ಸೆರಗು ಹಿಂಡುತ್ತ ನಿಂತಿದ್ದಳು.

"ಹೆಣ್ಮಕ್ಕಳೂ ಓದಬಹುದೇನ್ರಿ ಇಲ್ಲಿ?"

"ಬರ್ರಿ, ಕುಂದ್ರಿ" ಎಂದೆ.

"ಎಲ್ಲಿ ಕುಂದರಲಿ? ಎಲ್ಲಾ ಕಡೆ ಟೊಪಿಗಿ ಕುಂತಾವಲ್ಲ."

ಹೆಲ್ಮೆಟ್ಟುಗಳ ಬಗ್ಗೆ ಹೇಳಿದ್ದು. ಈಕೆಯೇ ಮಹಾದೇವಮ್ಮ. ಐವತ್ತು ದಾಟಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಅಲ್ಲಿಂದಾಚೆ ಪುಸ್ತಕ ಮುಟ್ಟಿರಲಿಲ್ಲ. ಈಗ ಯಾಕೆ ಬಂದೆವ್ವಾ ಎಂದು ಕೇಳಿದರೆ, "ಸೊಸಿ ಬಂದಳ್ರೀ, ನಾ ರಿಟೈರ್ ಆದೆ" ಎಂದಳು. ಮನೆಯಲ್ಲೇ ಓದಬಾರದೇಕೆ ಎಂಬುದಕ್ಕೂ ಉತ್ತರ ತಯಾರಿತ್ತು: "ಮನ್ಯಾಗ ಪುಸ್ತಕ ಹಿಡದೆ ಅಂದ್ರ, ಎಲ್ಲಾರಿಗೂ ಅದೇ ಟೈಮಿಗೆ ಚಹಾ ಬೇಕಾಗ್ತದ."

ನಾನು ಕಿಟಕಿಯ ಪಕ್ಕದ ಮೇಜಿನಿಂದ ಹೆಲ್ಮೆಟ್ಟುಗಳನ್ನು ಎತ್ತಿ ಕೆಳಗಿಟ್ಟು, 'ಮಹಿಳೆಯರಿಗೆ' ಎಂದು ಚೀಟಿ ಅಂಟಿಸಿದೆ. ವಾರದೊಳಗೆ ಮೇಜು ತುಂಬಿತು. ಕುಂಚಾವರಂ ಕಡೆಯಿಂದ ಸೇಡಂಗೆ ಸೊಸೆಯಾಗಿ ಬಂದ ಲಚ್ಚಮ್ಮ ಬಂದಳು. ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಬಾಯಿ. ಅವಳ ಹಿಂದೆ ಓಣಿಯ ಇನ್ನೂ ನಾಲ್ಕಾರು ಮಂದಿ. ಅಡಿಗೆ ಮುಗಿಸಿ ಬಂದು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಆ ಮೇಜು ಒಂದಿದ್ದುದಕ್ಕೆ ಅವರ ಓದು ಇತ್ತು. ಅದು ಹೋದರೆ ಓದೂ ಹೋಯಿತು. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೆಲ್ಮೆಟ್ಟಿನ ಮಾಲೀಕರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮಹಾದೇವಮ್ಮ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ದಪ್ಪ ಕಾದಂಬರಿಯನ್ನು ಕೈಯಲ್ಲಿ ತೂಗಿ ನೋಡಿ ಆರಿಸಿಕೊಂಡಿದ್ದಳು. ಒಂದೊಂದೇ ಅಕ್ಷರ ಹೆಕ್ಕಿ ಓದಬೇಕು. ದಿನಕ್ಕೆ ಎರಡು ಪುಟವಾದರೆ ಹಬ್ಬ. ಮಾರನೆಯ ದಿನ ಎಲ್ಲಿಗೆ ನಿಂತಿತ್ತೆಂದು ಹುಡುಕುವುದರಲ್ಲೇ ಅರ್ಧ ಸಮಯ ಹೋಗುತ್ತಿತ್ತು. ಹಾಗಾಗಿ ಮೇಜಿನವರೆಲ್ಲ ಗುರುತಿಗೆ ಕೈಗೆ ಸಿಕ್ಕಿದ್ದನ್ನು ಇಡತೊಡಗಿದರು. ನಾನು ಸಂಜೆ ಪುಸ್ತಕ ಜೋಡಿಸುವಾಗ ಕಂಡ ಪದಾರ್ಥಗಳು: ಬಸ್ಸಿನ ಟಿಕೀಟು, ಊದಿನಕಡ್ಡಿ, ಬಾಚಣಿಕೆ, ಮೆಂತ್ಯಸೊಪ್ಪಿನ ಒಂದು ಕಾಂಡ. ಗಂಡ ಖಣಿಯಲ್ಲಿ ದುಡಿಯುತ್ತಿದ್ದ ಒಬ್ಬಾಕೆಯ ಪುಸ್ತಕದಲ್ಲಿ ಅಂಗೈಯಗಲದ ಕಲ್ಲಿನ ಚಕ್ಕೆ. "ಭಾಳ ತೆಳ್ಳಗದ ಸರ್" ಎಂದಳು ಆಕೆ. ತೆಳ್ಳಗಿತ್ತು, ನಿಜ. ಪುಸ್ತಕದ ಬೆನ್ನೂ ತೆಳ್ಳಗೆ ಸೀಳಿತ್ತು.

ಇಷ್ಟಾದರೂ ಅವರಲ್ಲಿ ಒಬ್ಬಳೂ ಪುಟ ಮಡಚಲಿಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು. ಮಡಚುತ್ತಿದ್ದವರು ಕಲಿತವರು. ಎಲ್ಲರಿಗಿಂತ ಮುಂದಾಗಿ ಮಡಚುತ್ತಿದ್ದವರು ವಾಚನಾಲಯದ ಅಧ್ಯಕ್ಷರಾದ ವಕೀಲರು, ಗುರುಪಾದಪ್ಪನವರು. ಹರವಾದ ಮನುಷ್ಯ, ಹರವಾದ ದನಿ. ಪ್ರತಿದಿನ ಮಧ್ಯಾಹ್ನ ಕೋರ್ಟಿನಿಂದ ನೇರವಾಗಿ ಬಂದು ಪತ್ರಿಕೆ ಓದುವರು, ಮೇಲೊಂದು ಇತಿಹಾಸದ ಪುಸ್ತಕ ತಿರುವುವರು, ಹೋಗುವಾಗ ಅದರ ಕಿವಿ ಹಿಂಡುವರು. ಅವರು ಓದಿದ ಪುಸ್ತಕ ನಿಲ್ಲಿಸಿದರೆ ಮೇಲುಭಾಗ ಕೆಳಭಾಗಕ್ಕಿಂತ ಊದಿಕೊಂಡು ಬೀಸಣಿಕೆಯಾಗುತ್ತಿತ್ತು. ಒಮ್ಮೆ ಹೇಳಿಯೂ ನೋಡಿದೆ. "ಮಾಸ್ತರ್, ಪುಸ್ತಕ ಅಂದ್ರ ಬಳಸಲಿಕ್ಕೆ ಇರೂದು" ಎಂದು ನನ್ನ ಬೆನ್ನು ತಟ್ಟಿದರು. ಬೆನ್ನೂ ಬಳಸಲಿಕ್ಕೆ ಇರುವುದೇ ಇರಬೇಕು.

ಹೀಗಾಗಿ ಪುಟಗುರುತು ಮಾಡಿಸುವ ಘನಕಾರ್ಯಕ್ಕೆ ನಾನೇ ಕೈಹಾಕಿದೆ. ಸಾಮಾನುಗಳಿಗೆ ಯಾರೂ ಪೇಟೆಗೆ ಹೋಗುವ ಕಾರಣವಿರಲಿಲ್ಲ. ಪ್ರತಿ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇರುತ್ತದೆ. ಅರಿಸಿಣ ಮೆತ್ತಿದ ದಪ್ಪ ಕಾಗದ, ಎಸೆದರೆ ಅಪಶಕುನ, ಇಟ್ಟರೆ ಜಾಗ ಸಾಲದು. ಅದನ್ನು ಬೆರಳಗಲ ಕತ್ತರಿಸಿದೆವು. ಕಾಗದದ ಎರಡೂ ಮೈಗೆ ಜೋಳದ ಹಿಟ್ಟಿನ ಖಳಿ ಕಾಯಿಸಿ ಸವರಿ, ಮೇಲೆ ಹಳೆ ಸೀರೆಯ ಚಿಂದಿ ಅಂಟಿಸುವುದು. ಸುತ್ತ ದಾರದ ಹೊಲಿಗೆ. ದಾರವೆಂದರೆ ತೊಗರಿ ಚೀಲದ ಬಾಯಿ ಹೊಲಿದ ಬಿಳಿ ನೂಲು. ತುದಿ ಗೊತ್ತಿದ್ದವರು ಎಳೆದರೆ ಸರ್ರೆಂದು ಒಂದೇ ಎಳೆಯಲ್ಲಿ ಬಿಚ್ಚಿ ಬರುವಂಥದ್ದು. ಆ ಸೀಮೆಯಲ್ಲಿ ಅದನ್ನು ಉಂಡೆ ಕಟ್ಟಿಡದ ಮನೆಯಿಲ್ಲ. ತುದಿಗೆ ಒಂದು ಕುಚ್ಚು.

ಹಳೆ ಬಟ್ಟೆಯ ಚೂರು ಕೂಡಿಸಿ ಹೊದೆಯುವ ಕೌದಿ ಹೊಲಿದು ಪಳಗಿದ ಕೈಗಳಿಗೆ ಇದು ಆಟ. ಒಂದೇ ವಾರದಲ್ಲಿ ಇಳಕಲ್ ಅಂಚಿನವು, ಗಂಡನ ಲುಂಗಿಯವು, ಮೊಮ್ಮಗನ ಸಮವಸ್ತ್ರದವು, ತರಹೇವಾರಿ ಪುಟಗುರುತುಗಳು ಪುಸ್ತಕಗಳಿಂದ ನಾಲಿಗೆ ಚಾಚಿದವು. ಪರೀಕ್ಷೆಯ ಹುಡುಗರು ಮೊದಲು ನಕ್ಕರು, ಆಮೇಲೆ ಯಾರೂ ನೋಡದಾಗ ಒಂದೊಂದು ಕೇಳಿ ಒಯ್ದರು. ಹತ್ತು ದಿನ ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಹನ್ನೊಂದನೆಯ ದಿನ ಇರುವೆ ಬಂದವು.

ಸುಮ್ಮನೆ ಬರಲಿಲ್ಲ. ಮೆರವಣಿಗೆಯಲ್ಲಿ ಬಂದವು. ಕಿಟಕಿಯಿಂದ ಇಳಿದು, ಗೋಡೆ ಹಿಡಿದು, ಕಪಾಟು ಹತ್ತಿ, ಸಣ್ಣ ಕೆಂಪಿರುವೆಗಳ ಸಾಲು ನೇರವಾಗಿ ಮಹಾದೇವಮ್ಮನ ಕಾದಂಬರಿಯೊಳಗೆ ಹೊಕ್ಕಿತ್ತು. ನನ್ನ ದುರದೃಷ್ಟ, ಅದನ್ನು ಕಂಡದ್ದು ವಕೀಲರು. ಪುಸ್ತಕ ತೆಗೆದು ಮೇಜಿನ ಮೇಲೆ ಕೊಡವಿದರು. ಪುಟಗುರುತು ಬಿತ್ತು. ಜೇಬಿನ ಬ್ಲೇಡಿನಿಂದ ಅದರ ಮೂಲೆಯ ಹೊಲಿಗೆ ಬಿಚ್ಚಿದರು. ಒಳಗಿನಿಂದ ಬಿಳಿ ಚೂರೊಂದು ಉದುರಿತು.

"ಏನಿದು?"

"ರೊಟ್ಟಿ ರೀ" ಎಂದಳು ಮಹಾದೇವಮ್ಮ, ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂಬ ದನಿಯಲ್ಲಿ.

"ರೊಟ್ಟಿ! ಪುಸ್ತಕದಾಗ?"

"ಪುಸ್ತಕದಾಗ ಅಲ್ರಿ, ಗುರುತಿನ್ಯಾಗ. ಕೌದಿ ಹೊಲಿದ ಮ್ಯಾಲ ಮೂಲ್ಯಾಗ ರೊಟ್ಟಿ ತುಣುಕು ಇಡೂದಿಲ್ಲೇನು? ಇಲ್ಲಾಂದ್ರ ಕೌದಿ ಹಸದಿರ್ತದ. ಹಸದ ಕೌದಿ ಹೊತ್ತವರ ಹೊಟ್ಟಿ ತುಂಬೂದಿಲ್ಲ."

"ಇದು ಕೌದಿ ಏನಬೇ?"

"ಅರಿವಿ ಅದೇ, ದಾರ ಅದೇ, ಕೈ ಅದೇ. ಸಣ್ಣದದ ಅಂತ ಉಪಾಸ ಕೆಡವಲೇನು?"

ಹುಡುಗರು ಮೊಬೈಲು ಬಿಟ್ಟು ನಗತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಮಹಾದೇವಮ್ಮನ ಮೇಲೂ ಸಿಟ್ಟು ಬಂದಿತ್ತು. ಎಂಥ ಸೊಗಸಾದ ವಸ್ತು ಮಾಡಿ, ಎಂಥ ಕಡೆ ತಂದು ನಿಲ್ಲಿಸಿದೆ ತಾಯಿ! ಒಂದೊಂದು ಪುಟಗುರುತಿಗೂ ಊಟ ಬಡಿಸಿದ್ದೀರೇನು ಎಂದು ಕೇಳಿದೆ. ಎಲ್ಲರೂ ತಲೆ ಆಡಿಸಿದರು. ಲಚ್ಚಮ್ಮ ತನ್ನದರಲ್ಲಿ ಬೆಲ್ಲವನ್ನೂ ಸೇರಿಸಿದ್ದಳು. "ಮಾ ಊರಾಗ ತೀಪಿ ಇಡ್ತಾರ ಸಾರೂ, ಸೀ ಇಲ್ದಾ ಊಟ ಏಮಿ ಊಟ?"

ವಕೀಲರು ಕೈ ಝಾಡಿಸಿಕೊಂಡರು. "ಮಾಸ್ತರ್, ಇದು ವಾಚನಾಲಯ. ಖಾನಾವಳಿ ಅಲ್ಲ. ಐತವಾರ ಸಭಾ ಕರೀತೀನಿ. ಆ ಟೇಬಲ್ಲಿನ ವಿಷಯ ಒಮ್ಮೆ ಫೈಸಲ್ ಮಾಡಿಬಿಡೂಣು. ಹುಡುಗರು ಕೂಡಲಿಕ್ಕೆ ಜಾಗ ಇಲ್ಲದ ಒದ್ದಾಡಲಿಕತ್ತಾರ."

ಕೇಳಿದಿರಲ್ಲ? ಅಪರಾಧ ರೊಟ್ಟಿಯದು, ಶಿಕ್ಷೆ ಮೇಜಿಗೆ. ಇರುವೆ ಬಂದದ್ದು ಕಪಾಟಿಗೆ. ಮೇಜು ಏನು ಮಾಡಿತ್ತು?

ಭಾನುವಾರದೊಳಗೆ ಇರುವೆಗಳ ವಿಲೇವಾರಿ ಆಗಬೇಕಿತ್ತು. ಮರುದಿನ ಮೇಜಿನ ಸುತ್ತ ಮಹಾಸಭೆ ನಡೆಯಿತು. ರೊಟ್ಟಿ ತೆಗೆದುಹಾಕಿ ಎಂದೆ. ಒಪ್ಪಲಿಲ್ಲ. ಹೊಲಿದ ಮೇಲೆ ಬರಿ ಹೊಟ್ಟೆಯಲ್ಲಿ ಬಿಡುವುದು ಕೂಡದು, ಬೇಕಾದರೆ ಗುರುತೇ ಬೇಡ ಎಂದರು. ಹಾಗಾದರೆ ಇರುವೆ ಮೂಸದ ಊಟ ಯಾವುದು? ಮೆಣಸಿನಕಾಯಿ ಬೀಜ ಎಂದಳು ಒಬ್ಬಳು. "ಬರೇ ಖಾರಾ ತಿನ್ನಿಸಿ ಮಲಗಸ್ತೀಯೇನ? ಅತ್ತಿ ಮನಿ ಏನದು?" ಎಂದು ಮಹಾದೇವಮ್ಮ ಗದರಿದಳು. ಬೇವು ಬೇಡವಾಯಿತು, ಉಪ್ಪು ನೀರಾಗುತ್ತದೆ. ಕಡೆಗೆ ಲಚ್ಚಮ್ಮ ಸೊಂಟದ ಚೀಲದಿಂದ ಒಂದು ಲವಂಗ ತೆಗೆದು ಬಾಯಿಗೆ ಹಾಕಿಕೊಳ್ಳಹೋದವಳು ಅರ್ಧಕ್ಕೇ ನಿಂತಳು.

"ಅಕ್ಕಾ, ಲವಂಗ ಯಾವಾಗ ತಿಂತೀವಿ?"

"ಉಂಡ ಮ್ಯಾಲ."

"ಮತ್ತ! ಇದರ ಬಾಯಾಗ ಲವಂಗ ಅದ ಅಂದ್ರ, ಇದು ಆಗಲೇ ಉಂಡದ!"

ನ್ಯಾಯಶಾಸ್ತ್ರದಲ್ಲಿ ಇಂಥ ತೀರ್ಪು ನಾನು ಕೇಳಿಲ್ಲ. ಎಲ್ಲರೂ ಬಿದ್ದುಬಿದ್ದು ನಕ್ಕರು, ಆಮೇಲೆ ಗಂಭೀರವಾಗಿ ಒಪ್ಪಿದರು. ಒಂದೊಂದು ಗುರುತನ್ನೂ ಬಿಚ್ಚಿ, ರೊಟ್ಟಿ ತೆಗೆದು, ಜಜ್ಜಿದ ಲವಂಗದ ಪುಡಿ ತುಂಬಿ ಹೊಲಿದರು. ಎರಡು ದಿನದಲ್ಲಿ ಇರುವೆಗಳು ಬೇರೆ ಕೆಲಸ ಹುಡುಕಿಕೊಂಡು ಹೋದವು. ಪುಸ್ತಕಗಳಿಂದ ಬೀಗರ ಊಟ ಮುಗಿದ ಮನೆಯ ಪರಿಮಳ ಬರತೊಡಗಿತು. ಒಂದು ಪುಟವನ್ನೂ ಇರುವೆ ಕಡಿದಿರಲಿಲ್ಲ. ನಾನು ಒಂದೊಂದಾಗಿ ನೋಡಿದೆ. ಇನ್ನು ಮೇಜಿಗೆ ಅಪಾಯವಿಲ್ಲ ಎಂದು ನಂಬಿದೆ. ಮಾಸ್ತರಿಕೆ ಮಾಡಿ ನಿವೃತ್ತನಾದವನು ಹೀಗೆ ನಂಬಬಾರದಿತ್ತು.

ಭಾನುವಾರದ ಹೊತ್ತಿಗೆ ಮಳೆ ಜಡಿದು ಕಾಗಿಣಾ ಹೊಳೆ ತುಂಬಿ ಮಳಖೇಡದ ಸೇತುವೆ ಮುಳುಗಿತು. ಕಲಬುರಗಿಯಿಂದ ಬಸ್ಸು ಬರಲಿಲ್ಲ, ಪತ್ರಿಕೆ ಬರಲಿಲ್ಲ, ಹಾಲು ತಡವಾಯಿತು. ಸಮಿತಿಯ ಕೋರಂ ಮಾತ್ರ ಬಂತು. ಕೊಡೆ ಹಿಡಿದು, ಪ್ಯಾಂಟು ಮಡಚಿ, ಒಬ್ಬರೂ ತಪ್ಪಿಸದೆ ಬಂದರು. ಹೆಂಗಸರನ್ನು ಕರೆದಿರಲಿಲ್ಲ. ಯಾಕೆ ಕರೆದಿಲ್ಲವೆಂದು ಕೇಳಿದೆ. "ಅವರು ಸದಸ್ಯರಲ್ಲ" ಎಂದರು. ಯಾಕೆ ಸದಸ್ಯರಲ್ಲ? "ಸದಸ್ಯರ ಸಭಾದಾಗ ತೀರ್ಮಾನ ಆಗಿಲ್ಲ." ಈ ಬಾವಿಗೆ ತಳವಿರಲಿಲ್ಲ.

ನಾನು ಲವಂಗದ ಗುರುತುಗಳನ್ನು ಮುಂದಿಟ್ಟೆ. ಎಲ್ಲರೂ ಮೂಸಿ ನೋಡಿ ಹೊಗಳಿದರು. ಒಬ್ಬರು ಮೊಮ್ಮಗಳಿಗೆಂದು ಎರಡು ಜೇಬಿಗಿಳಿಸಿದರು. ವಕೀಲರು ಗಂಟಲು ಸರಿಪಡಿಸಿಕೊಂಡರು. "ಇರುವಿ ಹೋದವು, ಸಂತೋಷ. ಆದರ ತತ್ವ ಉಳೀತದಲ್ಲ? ಹುಡುಗರದು ಭವಿಷ್ಯದ ಪ್ರಶ್ನೆ. ಹೆಣ್ಮಕ್ಕಳದು ಟೈಂ ಪಾಸ್. ನಿಯಮಾವಳಿ ನೋಡ್ರಿ." ಎಂದವರೇ ಸಂಸ್ಥೆಯ ನಿಯಮಾವಳಿ ಪುಸ್ತಿಕೆ ತೆರೆದು, ಬೇಕಾದ ಪುಟ ಹಿಡಿದು, ಎಲ್ಲರೆದುರಿಗೆ, ನನ್ನ ಕಣ್ಣೆದುರಿಗೆ, ಹತ್ತು ಪುಟಗುರುತು ಮೇಜಿನ ಮೇಲೆ ಬಿದ್ದಿರುವಾಗ, ಪುಟದ ಕಿವಿ ಮಡಚಿದರು.

ನಾನು ಎದ್ದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಶಹಾಬಾದಿನ ಹಳೆಯ ವಿದ್ಯಾರ್ಥಿಗಳು ಕೇಳಿದ್ದರೆ ಬೆಂಚಿನ ಕೆಳಗೆ ಹೋಗುತ್ತಿದ್ದರು. ಕಪಾಟಿನಿಂದ ಇತಿಹಾಸದ ಸಂಪುಟಗಳನ್ನು ತಂದು ಒಂದೊಂದಾಗಿ ತೆರೆದೆ. ಮಡಚಿದ ಮೂಲೆಗಳು ಹಲವು ಕಡೆ ಮುರಿದು ಕೈಗೆ ಬಂದವು. "ಇರುವಿ ಬಂದು ಹೋದವು ವಕೀಲರೇ, ಒಂದು ಅಕ್ಷರ ಮುಟ್ಟಲಿಲ್ಲ. ನೀವು ಬಂದು ಹೋದ ಗುರುತು ಇಲ್ಲಿ ನೋಡ್ರಿ. ಯಾರನ್ನ ಹೊರಗ ಹಾಕೂಣು, ಹೇಳ್ರಿ" ಎಂದೆ.

ವಕೀಲರು ಕೆಂಪಾದರು. ಆಮೇಲೆ ಯಾರೋ ಚಹಾ ಬಂತೆಂದರು. ಚಹಾ ಕುಡಿದರು. ಕುಡಿದು, ಮೇಜನ್ನು ಹುಡುಗರಿಗೆ ಕೊಡುವುದೆಂದು ಒಮ್ಮತದಿಂದ ಠರಾವು ಮಾಡಿದರು. ನಾನು ವಿರೋಧಿಸಿದ್ದರಿಂದ ಒಮ್ಮತ ಹೇಗಾಯಿತೆಂದು ಕೇಳಿದೆ. ನಾನೂ ಸದಸ್ಯನಲ್ಲವಂತೆ.

ಸಂಜೆಯೇ ಇಬ್ಬರು ಹುಡುಗರು ಬಂದು ಮೇಜು ಎತ್ತಿ ಆಚೆ ಗೋಡೆಗೆ ಒಯ್ದರು. ನನ್ನ ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಕಿಟಕಿಯ ಪಕ್ಕದ ಜಾಗ ಹಲ್ಲು ಕಿತ್ತ ಬಾಯಿಯಂತೆ ಬೋಳಾಗಿತ್ತು. ಮರುದಿನ ಮಧ್ಯಾಹ್ನ ಮಹಾದೇವಮ್ಮನಿಗೆ ಮುಖ ತೋರಿಸುವುದು ಹೇಗೆಂದು ಯೋಚಿಸಿ, ರಾಜೀನಾಮೆಯ ಮೊದಲ ಸಾಲನ್ನು ಮನಸ್ಸಿನಲ್ಲಿ ಹಲವು ಸಲ ತಿದ್ದಿದೆ.

ಆಕೆ ಬಂದಳು, ಹಿಂದೆ ಉಳಿದವರೂ ಬಂದರು. ನೋಡಿದರು. ಲಚ್ಚಮ್ಮ ತೆಲುಗಿನಲ್ಲಿ ಏನೋ ಅಂದಳು. ಅದು ಅನುವಾದಕ್ಕೆ ಒಗ್ಗುವಂಥದ್ದಲ್ಲ. ನಾನು ಠರಾವಿನ ಕಥೆ ಹೇಳಿ, ಕ್ಷಮಿಸ್ರವ್ವಾ ಎಂದೆ. ಮಹಾದೇವಮ್ಮ ಆ ಬೋಳು ಜಾಗವನ್ನು ಒಂದು ಸುತ್ತು ಹಾಕಿದಳು, ಹೊಲ ಕೊಳ್ಳುವವರು ನೋಡುವ ಹಾಗೆ.

"ಟೇಬಲ್ ಒಯ್ಯಂತ ಠರಾವು ಆಗ್ಯದಲ್ರಿ? ಜಾಗಾ ಒಯ್ಯಂತ ಆಗಿಲ್ಲಲ್ಲ?"

"ಇಲ್ಲ."

"ಮತ್ತ? ನಾವೇನು ಹುಟ್ಟಿನಿಂದ ಕುರ್ಚಿ ಮ್ಯಾಲ ಕುಂತವರೇನು!"

ಮನೆಗೆ ಹೋಗಿ ದೊಡ್ಡದೊಂದು ಕೌದಿ ತಂದಳು. ನೆಲದ ಮೇಲೆ ಹಾಸಿದಳು. ಮೇಜಿಗೆ ಆರು ಮಂದಿ ಹಿಡಿಯುತ್ತಿದ್ದರು. ಕೌದಿಗೆ ಹನ್ನೆರಡು ಮಂದಿ ಹಿಡಿದರು. ಆದದ್ದೇನೆಂದರೆ, ಪತ್ರಿಕೆಗಳ ಸ್ಟ್ಯಾಂಡು ಇದ್ದುದು ಹಾಲಿನ ಆ ತುದಿಗೆ. ಈಗ ಅಲ್ಲಿಗೆ ಹೋಗಲು ಕೌದಿ ದಾಟದೆ ದಾರಿಯಿರಲಿಲ್ಲ.

ಮೂರಕ್ಕೆ ವಕೀಲರು ಬಂದರು. ಕೌದಿ ಕಂಡು ನಿಂತರು.

"ಏನಿದು ಹೊಸಾ ಆಟ? ಯಾರ ಪರವಾನಗಿ?"

"ಟೇಬಲ್ ನೀವು ಒಯ್ದ್ರಿ, ನೆಲಾ ನಾವು ತಗೊಂಡೇವಿ ಸಾಹೇಬ್ರ" ಎಂದಳು ಮಹಾದೇವಮ್ಮ ಪುಸ್ತಕದಿಂದ ಬೆರಳು ತೆಗೆಯದೆ. "ದಾಟೂದಿದ್ರ ದಾಟ್ರಿ. ಚಪ್ಪಲಿ ಬಿಟ್ಟು ಬರ್ರಿ. ಇದು ನಮ್ಮವ್ವ ಹೊಲಿದದ್ದು."

ಅವರು ನನ್ನ ಕಡೆ ನೋಡಿದರು. ನಾನು ಕಿಟಕಿಯಾಚೆ ಮಳೆ ನೋಡಿದೆ. ಹುಡುಗರ ಕಡೆ ನೋಡಿದರು. ಹುಡುಗರು ಎಂದೂ ಇಲ್ಲದಷ್ಟು ಓದಿನಲ್ಲಿ ಮುಳುಗಿದ್ದರು. ಹಿಂದಿನ ದಿನ ತಪ್ಪಿದ್ದ ಪತ್ರಿಕೆ ಅಂದು ಬಂದಿತ್ತು, ತಮ್ಮ ಹೆಸರು ಅದರಲ್ಲಿ ಬಂದಿದೆಯೆಂದು ವಕೀಲರಿಗೆ ಯಾರೋ ಹೇಳಿದ್ದರು. ಗಣ್ಯತೆಗೂ ಪತ್ರಿಕೆಗೂ ನಡುವೆ ಒಂದು ಕೌದಿ. ಆಮೇಲೆ ಗೋಡೆ ಹಿಡಿದು, ಒಂದೊಂದಾಗಿ, ಬೂಟು ಬಿಚ್ಚಿದರು. ಸಾಕ್ಸೂ ಒದ್ದೆಯಾಗಿತ್ತು, ಅದನ್ನೂ ಬಿಚ್ಚಿದರು. ಬರಿಗಾಲಲ್ಲಿ ಕೌದಿಯ ಅಂಚಿನಲ್ಲಿ ತುದಿಗಾಲಿಟ್ಟು ದಾಟಿ, ಆ ಕಡೆಯ ಕಲ್ಲಿನ ಮೇಲೆ ನಿಂತು ಪತ್ರಿಕೆ ಬಿಡಿಸಿದರು.

ಮಳೆಗಾಲದ ಶಹಾಬಾದ್ ಕಲ್ಲು ಏನೆಂದು ನಿಂತವರಿಗೇ ಗೊತ್ತು. ಐದು ನಿಮಿಷದಲ್ಲಿ ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದರು, ಕೊಕ್ಕರೆಯ ಹಾಗೆ. ನಾನು ತೃಪ್ತಿಯಿಂದ ನೋಡುತ್ತಿದ್ದೆ. ಆ ಮಳೆಗಾಲದಲ್ಲಿ ನ್ಯಾಯವೆಂಬುದು ಕಣ್ಣಿಗೆ ಕಂಡದ್ದು ಅದೊಂದೇ ಸಲ.

ಮಹಾದೇವಮ್ಮ ಒಂದು ಸಾಲು ಮುಗಿಸಿದಳು. ಬೆರಳನ್ನು ಮುಂದಿನ ಸಾಲಿಗೆ ಇಳಿಸಿದಳು. ತಲೆ ಎತ್ತದೆ ಹೇಳಿದಳು:

"ಸಾಹೇಬ್ರ, ತಂಡಿ ಹತ್ತತದ. ಹಿಂಗ ಸರೀರಿ, ಕೌದಿ ಮ್ಯಾಲ ನಿಂದ್ರಿ."

ವಕೀಲರು ಸರಿದು ನಿಂತರು.

ನನಗೆ ಇದು ಅಂದೂ ಸಮ್ಮತವಿರಲಿಲ್ಲ, ಇಂದೂ ಇಲ್ಲ. ನಾನಾಗಿದ್ದರೆ ಅವರನ್ನು ಆ ಕಲ್ಲಿನ ಮೇಲೇ ನಿಲ್ಲಿಸುತ್ತಿದ್ದೆ.